ವರದಾಂಬಿಕೆ: ವಿಜಯನಗರದ ಪಟ್ಟಮಹಿಷಿಯ ಜೀವನ ಮತ್ತು ಬಿರುದುಗಳು

ವರದಾಂಬಿಕೆ 16ನೆಯ ಶತಮಾನದ ವಿಜಯನಗರದ ರಾಣಿ. ತುಳುವ ವಂಶದ ಅರಸು ಅಚ್ಯುತದೇವರಾಯನ (ಆಳ್ವಿಕೆ 1529–1542) ಪಟ್ಟಮಹಿಷಿ, ಸಲಗ ಮನೆತನದ ಮಗಳು, ಯುವರಾಜ ಚಿಕ್ಕ ವೆಂಕಟಾದ್ರಿಯ ತಾಯಿ. ಶಾಸನಗಳಲ್ಲಿ ಈಕೆಯ ಹೆಸರು ವರದಾದೇವಿ, ವರದಾದೇವಿ ಅಮ್ಮ ಎಂದು ಬರುತ್ತದೆ. ಇಂದಿನ ಹೊಸಪೇಟೆ ತಾಲ್ಲೂಕಿನ ಕಮಲಾಪುರಕ್ಕೆ ಹೊಂದಿಕೊಂಡಿದ್ದ, ಪಟ್ಟಾಭಿರಾಮ ದೇವಾಲಯವನ್ನು ನಡುವಿಗಿಟ್ಟುಕೊಂಡು ಬೆಳೆದ ಪೇಟೆಗೆ ಆ ಕಾಲದಲ್ಲಿ ವರದಾದೇವಿ ಅಮ್ಮನ ಪಟ್ಟಣ ಎಂಬ ಹೆಸರಿತ್ತು. ಈಕೆಯ ಮದುವೆಯ ಕಥೆಯನ್ನು ತಿರುಮಲಾಂಬೆ ಎಂಬ ಕವಯಿತ್ರಿ ಸಂಸ್ಕೃತದಲ್ಲಿ ‘ವರದಾಂಬಿಕಾಪರಿಣಯ’ ಎಂಬ ಚಂಪೂಕಾವ್ಯವಾಗಿ ಬರೆದಳು. ರಾಜವಂಶದ ಹೆಣ್ಣುಮಕ್ಕಳ ಬಿರುದುಗಳನ್ನು ಅಲಂಕಾರದ ಮಾತುಗಳೆಂದು ಬದಿಗಿಡುವುದು ವಾಡಿಕೆ. ವರದಾಂಬಿಕೆಯ ವಿಷಯದಲ್ಲಿ ಅದು ಸಲ್ಲದು. ಈಕೆಯ ಒಂದೊಂದು ಬಿರುದೂ ಒಂದೊಂದು ಸಾರ್ವಜನಿಕ ಸ್ಥಾನವನ್ನು ಸೂಚಿಸುತ್ತದೆ. 1542ರಲ್ಲಿ ಸಿಂಹಾಸನಕ್ಕಾಗಿ ನಡೆದ ಕಾದಾಟವನ್ನು ಈ ಸ್ಥಾನಗಳನ್ನು ಬಿಟ್ಟು ವಿವರಿಸಲಾಗದು.

ಹೆಸರಿನ ರೂಪಗಳು

ಆಕರಗಳಲ್ಲಿ ಈಕೆಯ ಹೆಸರಿಗೆ ಮೂರು ಬಗೆಯ ರೂಪಗಳಿವೆ. ಕಾವ್ಯದಲ್ಲಿ ವರದಾಂಬಾ ಅಥವಾ ವರದಾಂಬಿಕಾ, ದಾನಶಾಸನಗಳಲ್ಲಿ ವರದಾದೇವಿ ಅಥವಾ ವರದಾದೇವಿ ಅಮ್ಮ, ತಿರುಮಲೆಯ ದೇವಾಲಯದ ಬಳಕೆಯಲ್ಲಿ ವರದರಾಜಮ್ಮ. ಮೂರೂ ಒಬ್ಬಳದೇ ಹೆಸರು. ‘ಅಂಬಿಕೆ’ ಎಂಬುದು ಛಂದಸ್ಸಿಗೂ ಸಂಸ್ಕೃತದ ಮರ್ಯಾದೆಗೂ ಹೊಂದುವ ರೂಪ. ‘ಅಮ್ಮ’ ದೇಶಭಾಷೆಯ ಗೌರವವಾಚಕ. ಕನ್ನಡ ಶಾಸನದ ಅಮ್ಮನೇ ತಮಿಳು ಶಾಸನದಲ್ಲಿ ಅಮ್ಮನ್ ಆಗುತ್ತಾಳೆ. ‘ದೇವಿ’ ಎಂಬುದು ಅರಸನ ಹೆಂಡತಿ ಎಂಬ ಸ್ಥಾನವನ್ನು ಹೇಳುವ ಪದ. ಈ ಲೇಖನದಲ್ಲಿ ವ್ಯಕ್ತಿಯನ್ನು ವರದಾಂಬಿಕೆ ಎಂದೂ, ಪಟ್ಟಣದ ಪ್ರಸ್ತಾಪ ಬಂದಾಗ ಶಾಸನದ ರೂಪವನ್ನು ಉಳಿಸಿಕೊಂಡು ವರದಾದೇವಿ ಅಮ್ಮನ ಪಟ್ಟಣ ಎಂದೂ ಬರೆಯಲಾಗಿದೆ.

ಮನೆತನ ಮತ್ತು ವಿವಾಹ

ವರದಾಂಬಿಕೆ ಹುಟ್ಟಿದ್ದು ಸಲಗ ಅಥವಾ ಸಲಕ ಎಂದು ಕರೆಸಿಕೊಳ್ಳುವ ನಾಯಕ ಮನೆತನದಲ್ಲಿ. ಇತಿಹಾಸದ ಪುಸ್ತಕಗಳಲ್ಲಿ ‘ಸಲಕರಾಜ ಸೋದರರು’ ಎಂದು ಬರುವ ಪೆದ್ದ ತಿರುಮಲರಾಜ (ಹಿರಿಯ ತಿರುಮಲರಾಜ) ಮತ್ತು ಚಿನ್ನ ತಿರುಮಲರಾಜ (ಚಿಕ್ಕ ತಿರುಮಲರಾಜ) ಇಬ್ಬರೂ ಈಕೆಯ ಒಡಹುಟ್ಟಿದವರು. ಗಂಡ ಅಚ್ಯುತನು ತುಳುವ ನರಸನಾಯಕನಿಗೆ ಓಬಾಂಬೆಯಲ್ಲಿ ಹುಟ್ಟಿದವನು. ನಾಗಲಾಂಬೆಯ ಮಗನಾದ ಕೃಷ್ಣದೇವರಾಯನಿಗೆ ಮಲತಾಯಿಯ ಮಗ, ಅಂದರೆ ತಮ್ಮ. ಕೃಷ್ಣದೇವರಾಯ ತೀರಿಕೊಂಡಾಗ ಆತನ ಸ್ವಂತ ಮಗ ಇನ್ನೂ ತೊಟ್ಟಿಲ ಕೂಸು. ಆ ಕೂಸಿನ ಪರವಾಗಿ ಅಳಿಯ ರಾಮರಾಯ ನಿಂತರೆ, ಚಂದ್ರಗಿರಿಯಲ್ಲಿದ್ದ ಅಚ್ಯುತನ ಪರವಾಗಿ ಬೇರೊಂದು ಬಣ ನಿಂತಿತು. ಸಲಗ ಸೋದರರು ಅಚ್ಯುತನ ಕಡೆಯವರು. ಸೋದರಿಯ ಮದುವೆ ಅವರನ್ನು ಅರಸನಿಗೆ ಮೈದುನರನ್ನಾಗಿ ಮಾಡಿತ್ತು, ಆ ನಂಟಿನ ಬಲದಿಂದಲೇ ಅವರು ಮುಂದಿನ 13 ವರ್ಷ ರಾಜ್ಯದ ಆಗುಹೋಗುಗಳನ್ನು ಕೈಯಲ್ಲಿಟ್ಟುಕೊಂಡರು.

ಮದುವೆಯ ಪ್ರಸಂಗವನ್ನು ವಿಸ್ತಾರವಾಗಿ ಹೇಳುವುದು ತಿರುಮಲಾಂಬೆಯ ಚಂಪೂಕಾವ್ಯ. ಅದು ನರಸನಾಯಕನ ದಿಗ್ವಿಜಯದಿಂದ ಆರಂಭಿಸಿ, ಅಚ್ಯುತನ ಜನನ, ಕಾತ್ಯಾಯನಿಯ ಗುಡಿಯಲ್ಲಿ ವರದಾಂಬಿಕೆಯನ್ನು ಆತ ಕಂಡದ್ದು, ವಿರಹ, ವಿವಾಹ, ಮಗನ ಜನನ, ಕೊನೆಗೆ ಆ ಮಗನ ಯೌವರಾಜ್ಯದವರೆಗೆ ಸಾಗುತ್ತದೆ. ಗುಡಿಯಲ್ಲಿ ನೋಟ ಕೂಡುವ ಸಂದರ್ಭ ಸಂಸ್ಕೃತ ಕಾವ್ಯಗಳಿಗೆ ಹೊಸದಲ್ಲ, ಆದ್ದರಿಂದ ಅದನ್ನು ನಡೆದ ಸಂಗತಿಯೆಂದು ಎಣಿಸಲಾಗದು. ಆದರೆ ಕಾವ್ಯವು ಎಲ್ಲಿ ನಿಲ್ಲುತ್ತದೆ ಎಂಬುದು ಗಮನಿಸಬೇಕಾದ ವಿಷಯ. ಪರಿಣಯವೆಂದು ಹೆಸರಿಟ್ಟುಕೊಂಡ ಕೃತಿ ಮದುವೆಗೆ ಮುಗಿಯದೆ ಮಗನ ಪಟ್ಟದವರೆಗೆ ನಡೆಯುತ್ತದೆ. ಕವಯಿತ್ರಿಗೂ ಆಕೆಯ ಆಸ್ಥಾನಕ್ಕೂ ಮದುವೆಯಷ್ಟೇ ಮುಖ್ಯವಾಗಿ, ಪ್ರಾಯಶಃ ಅದಕ್ಕಿಂತ ಹೆಚ್ಚಾಗಿ, ಉತ್ತರಾಧಿಕಾರದ ಸಾಲು ಕಾಣಿಸಿತ್ತು.

ಪಟ್ಟಮಹಿಷಿ ಎಂಬ ಬಿರುದು

ಅಚ್ಯುತರಾಯನ ಆಸ್ಥಾನಕವಿ ರಾಜನಾಥ ಡಿಂಡಿಮನ ‘ಅಚ್ಯುತರಾಯಾಭ್ಯುದಯ’ ಕಾವ್ಯವು ಅರಸನ ಪಟ್ಟಾಭಿಷೇಕದ ಜೊತೆಯಲ್ಲೇ ವರದಾಂಬಿಕೆಗೆ ಪಟ್ಟಮಹಿಷಿಯ ಸ್ಥಾನವೂ ಮಗ ವೆಂಕಟಾದ್ರಿಗೆ ಯುವರಾಜ ಪದವಿಯೂ ದೊರೆತವೆಂದು ಹೇಳುತ್ತದೆ. ಅಚ್ಯುತನ ಪಟ್ಟಾಭಿಷೇಕ ತಿರುಪತಿ, ಕಾಳಹಸ್ತಿ, ವಿಜಯನಗರ ಹೀಗೆ ಒಂದಕ್ಕಿಂತ ಹೆಚ್ಚು ಕಡೆ ನಡೆಯಿತು. ಹಕ್ಕು ಪ್ರಶ್ನೆಗೊಳಗಾಗಿದ್ದ ಅರಸನಿಗೆ ಇಷ್ಟೊಂದು ಅಭಿಷೇಕಗಳು ಬೇಕಾಗಿದ್ದವು. ಅಂಥ ಗಳಿಗೆಯಲ್ಲಿ ರಾಣಿಗೂ ಮಗನಿಗೂ ಪದವಿ ಕೊಟ್ಟದ್ದು ಸಂಸಾರದ ಸಂಭ್ರಮವಾಗಿರಲಿಲ್ಲ. ಕೃಷ್ಣದೇವರಾಯನ ಕೂಸಿನ ಹೆಸರಿನಲ್ಲಿ ಎದ್ದಿದ್ದ ಹಕ್ಕಿಗೆ ಎದುರಾಗಿ ಅರಸ, ಪಟ್ಟದ ರಾಣಿ, ಯುವರಾಜ ಎಂಬ ತುಂಬಿದ ಮನೆತನವನ್ನು ಜನರ ಮುಂದೆ ನಿಲ್ಲಿಸುವ ರಾಜಕೀಯ ಕ್ರಮವಾಗಿತ್ತು.

ಈ ಬಿರುದಿನ ಬೇರು ಕನ್ನಡ ನಾಡಿನಲ್ಲಿ ಹಳೆಯದು. ಹೊಯ್ಸಳರ ಶಾಸನಗಳಲ್ಲಿ ಪಿರಿಯರಸಿ, ಪಟ್ಟಮಹಾದೇವಿ ಎಂಬ ಪದಗಳಿವೆ; ವಿಷ್ಣುವರ್ಧನನ ರಾಣಿ ಶಾಂತಲದೇವಿ ಪಟ್ಟಮಹಾದೇವಿ ಎನಿಸಿಕೊಂಡವಳು. ಅರಸನಿಗೆ ಹಲವು ಹೆಂಡತಿಯರಿದ್ದ ಕಾಲದಲ್ಲಿ ಯಾರ ಮಗ ಪಟ್ಟಕ್ಕೆ ಬರುತ್ತಾನೆ ಎಂಬ ಪ್ರಶ್ನೆಗೆ ಉತ್ತರ ಈ ಪದದಲ್ಲಿತ್ತು. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಅರಸನಿಗೆ 12 ಮಂದಿ ವಿಧಿವತ್ತಾದ ಹೆಂಡತಿಯರಿದ್ದರೆಂದೂ, ಅವರಲ್ಲಿ ಮೂವರು ಮುಖ್ಯರೆಂದೂ, ಆ ಮೂವರ ಮಕ್ಕಳಿಗೆ ಮಾತ್ರ ರಾಜ್ಯದ ಹಕ್ಕೆಂದೂ ಬರೆದಿದ್ದಾನೆ. ಈ ಮುಖ್ಯ ರಾಣಿಯರಲ್ಲಿ ಪ್ರತಿಯೊಬ್ಬಳಿಗೂ ಬೇರೆ ಮನೆ, ಬೇರೆ ಪರಿವಾರ, ಬೇರೆ ಸಂಪತ್ತು ಇತ್ತೆಂದೂ ಆತ ಹೇಳುತ್ತಾನೆ. ಅಂತಃಪುರದೊಳಗಿನ ಸುದ್ದಿ ಹೊರಗಿನವನಿಗೆ ಸಿಕ್ಕಿದ್ದು ಕಿವಿಮಾತಿನಿಂದ, ಎಣಿಕೆಯಲ್ಲಿ ತಪ್ಪಿರಬಹುದು. ಆದರೆ ರಾಣಿಯರೊಳಗೆ ಶ್ರೇಣಿಯಿತ್ತು, ಆ ಶ್ರೇಣಿ ಮಕ್ಕಳ ಹಕ್ಕನ್ನು ನಿರ್ಧರಿಸುತ್ತಿತ್ತು ಎಂಬ ಅವನ ಮುಖ್ಯ ಮಾತನ್ನು ಶಾಸನಗಳಲ್ಲಿ ಕಾಣುವ ವ್ಯವಸ್ಥೆ ಎತ್ತಿಹಿಡಿಯುತ್ತದೆ.

ಬೇರೆ ರಾಜಮನೆತನಗಳ ಪದ್ಧತಿಯೊಂದಿಗೆ ಹೋಲಿಸಿದರೆ ವಿಜಯನಗರದ ರೀತಿಯ ವೈಶಿಷ್ಟ್ಯ ಸ್ಪಷ್ಟವಾಗುತ್ತದೆ. ಬ್ರಿಟನ್ನಿನಲ್ಲಿ 1917ರಲ್ಲಿ ಐದನೆಯ ಜಾರ್ಜ್ ಹೊರಡಿಸಿದ ಆಜ್ಞಾಪತ್ರವು ರಾಜಕುಮಾರಿ ಎಂಬ ಪದವಿಯನ್ನು ಅರಸನ ಮಕ್ಕಳಿಗೂ ಗಂಡುಮಕ್ಕಳ ಮೂಲಕ ಬಂದ ಮೊಮ್ಮಕ್ಕಳಿಗೂ ಸೀಮಿತಗೊಳಿಸಿತು. ರಾಜಕುಮಾರನನ್ನು ಮದುವೆಯಾದ ಹೆಣ್ಣು ಅಲ್ಲಿ ಅನೇಕ ವೇಳೆ ಗಂಡನ ಹೆಸರಿನಿಂದಲೇ ಕರೆಸಿಕೊಳ್ಳುತ್ತಾಳೆ. 1978ರಲ್ಲಿ ಕೆಂಟ್‌ನ ರಾಜಕುಮಾರ ಮೈಕೇಲ್‌ನನ್ನು ವರಿಸಿದವಳು ‘ಕೆಂಟ್‌ನ ಪ್ರಿನ್ಸೆಸ್ ಮೈಕೇಲ್’ ಆದಳು. ವಿಜಯನಗರದಲ್ಲಿ ಇಂಥ ಲಿಖಿತ ನಿಯಮವಿರಲಿಲ್ಲ, ಆದರೆ ರಾಣಿಯ ಸ್ವಂತ ಹೆಸರು ಬಿರುದಿನೊಳಗೆ ಕರಗಿಹೋಗುತ್ತಿರಲಿಲ್ಲ. ಅಚ್ಯುತರಾಯನ ಹೆಂಡತಿ ಶಾಸನದಲ್ಲಿ ಅಚ್ಯುತರಾಯನ ರಾಣಿಯಾಗಿ ಮಾತ್ರ ನಿಲ್ಲದೆ ವರದಾದೇವಿಯಾಗಿಯೇ ನಿಲ್ಲುತ್ತಾಳೆ. ಇದನ್ನು ಹೆಣ್ಣಿನ ಸ್ವಾತಂತ್ರ್ಯವೆಂದು ಹಿಗ್ಗಿಸಿ ಹೇಳುವುದು ತಪ್ಪಾದೀತು. ಬಹುಪತ್ನಿಯರ ಮನೆಯಲ್ಲಿ ಇಂಥವಳೆಂದು ಹೆಸರಿಟ್ಟು ಹೇಳದಿದ್ದರೆ ಹಕ್ಕು ಯಾರದೆಂದು ತಿಳಿಯುತ್ತಿರಲಿಲ್ಲ. ಹೆಸರು ಉಳಿದದ್ದಕ್ಕೆ ಮೊದಲ ಕಾರಣ ಇದು.

ಹೆಸರು ಹೊತ್ತ ಪಟ್ಟಣಗಳು

ಹಂಪಿ ಮತ್ತು ಹೊಸಪೇಟೆಯ ನೆಲದಲ್ಲಿ ರಾಜವಂಶದ ಹೆಣ್ಣುಮಕ್ಕಳ ನಿಜವಾದ ಗುರುತು ಎಲ್ಲಿದೆ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ರಾಣಿಯ ಸ್ನಾನಗೃಹ, ಕಮಲ ಮಹಲ್, ಜನಾನಾ ಆವರಣ. ಈ ಹೆಸರುಗಳು ಈಚಿನವು. ಅವುಗಳನ್ನು ಯಾವುದೇ ರಾಣಿಗೆ ಜೋಡಿಸುವ ಶಾಸನವಿಲ್ಲ. ಜನಾನಾ ಎಂಬ ಪದವೇ ಪಾರಸಿಯಿಂದ ಬಂದದ್ದು. ಎತ್ತರದ ಗೋಡೆ, ಕಾವಲು ಗೋಪುರಗಳಿರುವ ಆ ಆವರಣದ ಮಗ್ಗುಲಲ್ಲೇ ಆನೆಲಾಯವಿರುವುದನ್ನು ಕಂಡ ವಿದ್ವಾಂಸರು ಅದು ಅಂತಃಪುರವೆಂಬ ಮಾತನ್ನು ಅನುಮಾನಿಸಿದ್ದಾರೆ. ಕಮಲ ಮಹಲ್ ಮಂತ್ರಾಲೋಚನೆಯ ಮಂಟಪವಾಗಿತ್ತೆಂಬ ಅಭಿಪ್ರಾಯವೂ ಹಳೆಯದೇ. ಹೀಗೆ ಪ್ರವಾಸಿಗರಿಗೆ ‘ರಾಣಿ’ಯೆಂದು ತೋರಿಸುವ ಕಟ್ಟಡಗಳಲ್ಲಿ ಯಾವ ರಾಣಿಯೂ ಖಚಿತವಾಗಿ ಸಿಗುವುದಿಲ್ಲ, ಶಾಸನಗಳು ಹೆಸರಿಟ್ಟು ಹೇಳುವ ರಾಣಿಯರು ಪಟ್ಟಣಗಳಲ್ಲಿ, ದಾನಗಳಲ್ಲಿ ಸಿಗುತ್ತಾರೆ. ಹಂಪಿಯ ಕೈಪಿಡಿಗಳು ಇದನ್ನು ಇನ್ನೂ ಗಂಭೀರವಾಗಿ ತೆಗೆದುಕೊಂಡಿಲ್ಲ ಎಂಬುದು ಖೇದದ ಸಂಗತಿ.

ವಿಜಯನಗರದ ಅರಸರು ರಾಜಧಾನಿಯ ಸುತ್ತ ಒಂದೊಂದೇ ಪುರವನ್ನು ಸೇರಿಸುತ್ತ ಹೋದರು. ಪ್ರತಿ ಪುರದ ನಡುವೆ ಒಂದು ದೊಡ್ಡ ಗುಡಿ, ಗುಡಿಯ ಮುಂದೆ ರಥಬೀದಿ ಮತ್ತು ಪೇಟೆ, ಸುತ್ತ ಕೆರೆ ಅಥವಾ ಕಾಲುವೆಯ ನೀರು, ದೇವರ ಸೇವೆಗೆ ಬಿಟ್ಟ ಹಳ್ಳಿಗಳು. 1515ರಲ್ಲಿ ಉದಯಗಿರಿಯಿಂದ ತಂದ ಬಾಲಕೃಷ್ಣನನ್ನು ಪ್ರತಿಷ್ಠಾಪಿಸಿದ ಕೃಷ್ಣಾಪುರ, ವಿಠ್ಠಲನ ಗುಡಿಯ ಸುತ್ತಲಿನ ವಿಠ್ಠಲಾಪುರ, ತಿರುವೆಂಗಳನಾಥನ ಗುಡಿಯ ಸುತ್ತಲಿನ ಅಚ್ಯುತಾಪುರ ಈ ಬಗೆಯವು. ಇವುಗಳಿಗೆ ದೇವರ ಅಥವಾ ಅರಸನ ಹೆಸರು. ಇವುಗಳ ಸಾಲಿನಲ್ಲೇ ಮನೆಯವರ ಹೆಸರಿನ ಪುರಗಳೂ ಇವೆ. ಹೊಸಪೇಟೆಯನ್ನು ಕೃಷ್ಣದೇವರಾಯನ ತಾಯಿ ನಾಗಲಾದೇವಿಯ ಹೆಸರಿನಲ್ಲಿ ನಾಗಲಾಪುರವೆಂದು ನೆನೆಯುವ ಪರಂಪರೆಯಿದೆ. ಅದೇ ಪ್ರದೇಶಕ್ಕೆ ಆತನ ಪಟ್ಟದ ರಾಣಿಯ ಹೆಸರಿನ ತಿರುಮಲದೇವಿ ಪಟ್ಟಣವೆಂಬ ಹೆಸರೂ ಶಾಸನಗಳಲ್ಲಿ ಬರುತ್ತದೆ. ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯ ಅನಂತಶಯನಗುಡಿ 1524ರಲ್ಲಿ ಕೃಷ್ಣದೇವರಾಯನ ಮಗ ತಿರುಮಲರಾಯನ ಹೆಸರಿನಲ್ಲಿ ಕಟ್ಟಿದ ಸಾಲೆ ತಿರುಮಲ ಮಹಾರಾಯಪುರ. ಅಚ್ಯುತರಾಯನ ಕಾಲದಲ್ಲಿ ಸೇರಿದ್ದು ವರದಾದೇವಿ ಅಮ್ಮನ ಪಟ್ಟಣ.

ಈ ಹೆಸರುಗಳನ್ನು ಅರಸನ ಪ್ರೀತಿಯ ಗುರುತೆಂದು ವಿವರಿಸುವುದು ಮೊದಲ ಆಕ್ಷೇಪ. ಅದಕ್ಕೆ ಆಧಾರವೂ ಇದೆ: ಪೇಸ್ ಹೊಸಪೇಟೆಯನ್ನು ಕುರಿತು, ಅರಸ ತನ್ನ ಹೆಂಡತಿಯೊಬ್ಬಳ ಮೇಲಿನ ಪ್ರೀತಿಯಿಂದ ಈ ಊರನ್ನು ಕಟ್ಟಿಸಿದನೆಂದು ಬರೆದಿದ್ದಾನೆ. ಪ್ರೀತಿ ಇರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಪ್ರೀತಿಯೊಂದೇ ಕಾರಣವಾಗಿದ್ದರೆ ತಾಯಿಯ ಹೆಸರು, ಹೆಂಡತಿಯ ಹೆಸರು, ಚಿಕ್ಕ ಮಗನ ಹೆಸರು ಹೀಗೆ ಒಂದರ ಹಿಂದೊಂದು ಪುರಗಳಿಗೆ ಬರುವುದನ್ನು ಅರ್ಥಮಾಡಿಕೊಳ್ಳುವುದು ಕಷ್ಟ. ತಾಯಿ, ಪಟ್ಟದ ರಾಣಿ, ಉತ್ತರಾಧಿಕಾರಿ ಎಂಬ ಮೂರೂ ರಾಜ್ಯದ ಮುಂದುವರಿಕೆಯನ್ನು ಹೇಳುವ ಸ್ಥಾನಗಳು. ಹೆಸರಿಗೆ ಅರ್ಹರಾದವರು ಆ ಸ್ಥಾನದಲ್ಲಿದ್ದವರೇ. ಜೊತೆಗೆ ಒಂದು ಪಟ್ಟಣವೆಂದರೆ ಸುಂಕ, ಅಂಗಡಿ, ನೇಯ್ಗೆಯವರ ಕೇರಿ, ಗುಡಿಯ ಪಡಿತರ; ದಾನಪತ್ರದಲ್ಲಿ ಜಾಗದ ಎಲ್ಲೆ ಹೇಳುವಾಗ ಪ್ರತಿಸಲ ಆ ಹೆಸರು ಬರೆಯಲೇಬೇಕು. ರಾಣಿಯನ್ನು ಎಂದೂ ಕಾಣದ ವ್ಯಾಪಾರಿಯೂ ಕರಣಿಕನೂ ದಿನನಿತ್ಯದ ವ್ಯವಹಾರದಲ್ಲಿ ಅವಳ ಹೆಸರನ್ನು ಬಳಸುವಂತೆ ಮಾಡಿದ ಏರ್ಪಾಡು ಅದು.

ಪಟ್ಟಾಭಿರಾಮ ದೇವಾಲಯ

ವರದಾದೇವಿ ಅಮ್ಮನ ಪಟ್ಟಣದಲ್ಲಿ ಇಂದು ಉಳಿದಿರುವ ದೊಡ್ಡ ಕಟ್ಟಡ ಪಟ್ಟಾಭಿರಾಮ ದೇವಾಲಯ. ಇದು ಕಮಲಾಪುರದ ಪೂರ್ವಕ್ಕಿದೆ. ಹಂಪಿಯ ಅತಿ ದೊಡ್ಡ ದೇವಾಲಯ ಸಮುಚ್ಚಯಗಳಲ್ಲಿ ಒಂದು. ರಾಮನಿಗೆ ಮೀಸಲಾದ ಗುಡಿ ಪೂರ್ವಾಭಿಮುಖವಾಗಿದ್ದು, ಎತ್ತರದ ಪ್ರಾಕಾರ, ಗೋಪುರ, ಸಾಲುಗಂಬಗಳ ಮಂಟಪ, ಪ್ರತ್ಯೇಕ ಅಮ್ಮನವರ ಗುಡಿ ಇವೆಲ್ಲ ಅಚ್ಯುತರಾಯನ ಕಾಲದ ವಾಸ್ತುವಿನ ಲಕ್ಷಣಗಳನ್ನು ತೋರುತ್ತವೆ. ಗರ್ಭಗುಡಿಯಲ್ಲಿ ಮೂರ್ತಿಯಿಲ್ಲ. ವಿಸ್ತಾರದಲ್ಲಿ ಇದು ತಿರುವೆಂಗಳನಾಥನ ಗುಡಿಯೊಂದಿಗೆ ಹೋಲಿಸಬಹುದಾದದ್ದು. ತಿರುವೆಂಗಳನಾಥನ ಗುಡಿಯನ್ನು 1534ರಲ್ಲಿ ಕಟ್ಟಿಸಿದವನು ವರದಾಂಬಿಕೆಯ ಅಣ್ಣ ಹಿರಿಯ ತಿರುಮಲರಾಜ. ಇಂದು ಅದನ್ನು ಅಚ್ಯುತರಾಯನ ಗುಡಿ ಎಂದೇ ಕರೆಯುವುದರಿಂದ ಈ ಸಂಗತಿ ಮರೆಯಾಗಿದೆ. ಅಣ್ಣ ಕಟ್ಟಿಸಿದ ಗುಡಿಯ ಪುರಕ್ಕೆ ಭಾವನ ಹೆಸರು, ಇತ್ತ ಭಾವನ ಕಾಲದಲ್ಲಿ ಬೆಳೆದ ಪುರಕ್ಕೆ ತಂಗಿಯ ಹೆಸರು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ತುಳುವ ಮತ್ತು ಸಲಗ ಮನೆತನಗಳ ನಂಟನ್ನು ರಾಜಧಾನಿಯ ನಕ್ಷೆಯಲ್ಲೇ ಬರೆದಂತಿದೆ.

ದಾನ ಮತ್ತು ತೀರ್ಥಯಾತ್ರೆ

1531–32ರಲ್ಲಿ ಅಚ್ಯುತರಾಯ ದಕ್ಷಿಣಕ್ಕೆ ದಂಡೆತ್ತಿ ಹೋದ. ತಿರುವಾಂಕೂರಿನ ತಿರುವಡಿ ಮತ್ತು ಅವನ ಆಶ್ರಯ ಪಡೆದಿದ್ದ ಬಂಡುಕೋರ ಸಾಳುವ ನಾಯಕ ಚೆಲ್ಲಪ್ಪ ಇದಕ್ಕೆ ಕಾರಣ. ಅರಸ ಶ್ರೀರಂಗದಲ್ಲಿ ಉಳಿದ. ತಾಮ್ರಪರ್ಣಿಯವರೆಗೆ ಸೇನೆಯನ್ನು ನಡೆಸಿದವನು ಮೈದುನ ಚಿನ್ನ ತಿರುಮಲರಾಜ. ಈ ಯುದ್ಧದ ಬಳಿಕ ಕಂಚಿಯ ವರದರಾಜಸ್ವಾಮಿಯ ಸನ್ನಿಧಿಯಲ್ಲಿ ಅರಸ ಮುತ್ತಿನ ತುಲಾಭಾರ ಮಾಡಿಸಿದ. ಅಲ್ಲಿನ ಶಾಸನ ಅರಸನ ಜೊತೆಗೆ ವರದಾದೇವಿ ಅಮ್ಮನನ್ನೂ ಕುಮಾರ ವೆಂಕಟಾದ್ರಿಯನ್ನೂ ಹೆಸರಿಸುತ್ತದೆ. ಪಟ್ಟಾಭಿಷೇಕದಲ್ಲಿ ಕಂಡ ಅದೇ ಮೂವರು, ಅದೇ ಕ್ರಮದಲ್ಲಿ, ಗೆಲುವಿನ ನಂತರ ಮತ್ತೆ ಜನರೆದುರು ನಿಂತರು. ತಿರುಮಲೆಯ ವೆಂಕಟೇಶ್ವರನ ಗುಡಿಯ ಪ್ರತಿಮಾಮಂಟಪದಲ್ಲಿ ಅಚ್ಯುತರಾಯ ಮತ್ತು ವರದರಾಜಮ್ಮನವರ ಶಿಲಾಪ್ರತಿಮೆಗಳಿವೆ. ಅವುಗಳಿಗೆ ಎದುರಾಗಿ ತಿರುಮಲದೇವಿ, ಚಿನ್ನಾದೇವಿಯರ ನಡುವೆ ಕೈಮುಗಿದು ನಿಂತ ಕೃಷ್ಣದೇವರಾಯನ ಲೋಹಪ್ರತಿಮೆಗಳಿವೆ. ಕೃಷ್ಣದೇವರಾಯನ ಈ ಇಬ್ಬರು ರಾಣಿಯರು 1513ರಲ್ಲಿ ದೇವರ ಹಾಲಿನ ನೈವೇದ್ಯಕ್ಕೆ ಒಂದೊಂದು ಚಿನ್ನದ ಬಟ್ಟಲನ್ನು ತಮ್ಮ ತಮ್ಮ ಹೆಸರಿನಲ್ಲಿ ಅರ್ಪಿಸಿದ್ದರು. ರಾಣಿಯ ದಾನ ಬೇರೆ, ಅರಸನ ದಾನ ಬೇರೆ ಎಂದು ಎಣಿಸುವ ಪದ್ಧತಿ ವರದಾಂಬಿಕೆಯ ಕಾಲಕ್ಕೆ ನೆಲೆಗೊಂಡಿತ್ತು.

‘ವರದಾಂಬಿಕಾಪರಿಣಯ’ ಮತ್ತು ಅದರ ಸಾಕ್ಷ್ಯ

ಗದ್ಯಪದ್ಯ ಮಿಶ್ರಿತವಾದ ಈ ಚಂಪೂವಿನ ಹಸ್ತಪ್ರತಿ ತಂಜಾವೂರಿನ ಸರಸ್ವತಿ ಮಹಲ್ ಗ್ರಂಥಾಲಯದಲ್ಲಿ ದೊರೆಯಿತು. ಲಕ್ಷ್ಮಣ ಸ್ವರೂಪ್ ಅದನ್ನು ಸಂಪಾದಿಸಿ ಲಾಹೋರಿನಿಂದ ಪ್ರಕಟಿಸಿದರು. ಉದ್ದುದ್ದ ಸಮಾಸಗಳ ಗದ್ಯಕ್ಕೆ ಇದು ಹೆಸರಾಗಿದೆ. ಕವಯಿತ್ರಿ ತಿರುಮಲಾಂಬೆಯನ್ನು ಹಂಪಿಯ ವಿಠ್ಠಲ ದೇವಾಲಯದ ಶಾಸನದಲ್ಲಿ ಬರುವ ಓದುವ ತಿರುಮಲಮ್ಮನೊಂದಿಗೆ ವಿದ್ವಾಂಸರು ಗುರುತಿಸುತ್ತಾರೆ. ಅಚ್ಯುತರಾಯ ಸುವರ್ಣಮೇರು ದಾನ ಮಾಡಿದುದನ್ನು ಹೇಳುವ ಸಂಸ್ಕೃತ ಶ್ಲೋಕದ ಕರ್ತೃ ಆಕೆ. ತಿರುಮಲಾಂಬೆಯೂ ಅರಸನ ರಾಣಿಯರಲ್ಲಿ ಒಬ್ಬಳೆಂಬ ಅಭಿಪ್ರಾಯವಿದೆ. ಅದು ನಿಜವಾದರೆ ಒಬ್ಬ ರಾಣಿ ಇನ್ನೊಬ್ಬ ರಾಣಿಯ ವಿವಾಹವನ್ನು ಕಾವ್ಯವಾಗಿಸಿದ ಅಪೂರ್ವ ನಿದರ್ಶನ ಇದಾಗುತ್ತದೆ. ಆಗಲೂ ಕಾವ್ಯದ ನಾಯಿಕೆ ತಿರುಮಲಾಂಬೆಯಾಗದೆ ವರದಾಂಬಿಕೆಯಾದದ್ದಕ್ಕೆ ಪಟ್ಟಮಹಿಷಿಯ ಸ್ಥಾನವೇ ಉತ್ತರ. ವಿಜಯನಗರದಲ್ಲಿ ರಾಜಸ್ತ್ರೀಯರ ಬರವಣಿಗೆಗೆ ಹಿಂದೆಯೂ ಮಾದರಿಯಿತ್ತು; 14ನೆಯ ಶತಮಾನದಲ್ಲಿ ಬುಕ್ಕರಾಯನ ಸೊಸೆ ಗಂಗಾದೇವಿ ತನ್ನ ಗಂಡ ಕಂಪಣನ ಮಧುರೆಯ ವಿಜಯವನ್ನು ಸಂಸ್ಕೃತ ಕಾವ್ಯವಾಗಿ ಬರೆದಿದ್ದಳು. ಅರಮನೆಯೊಳಗೆ ಲೆಕ್ಕ ಬರೆಯುವ, ರಾಜ್ಯದ ವ್ಯವಹಾರವನ್ನು ದಾಖಲಿಸಿ ಹೊರಗಿನ ಲೇಖಕರ ಪುಸ್ತಕದೊಂದಿಗೆ ತಾಳೆ ನೋಡುವ ಹೆಂಗಸರಿದ್ದರೆಂದು ಅಚ್ಯುತರಾಯನ ಕಾಲದಲ್ಲೇ ಇಲ್ಲಿದ್ದ ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ಬರೆದಿದ್ದಾನೆ.

ಆಸ್ಥಾನದ ಕಾವ್ಯ ಹೊಗಳಿಕೆಯಲ್ಲವೇ, ಅದನ್ನು ಇತಿಹಾಸಕ್ಕೆ ಆಧಾರವಾಗಿಸುವುದು ಹೇಗೆ ಎಂಬುದು ಎರಡನೆಯ ಆಕ್ಷೇಪ. ಆಕ್ಷೇಪ ಸರಿಯಾದದ್ದೇ, ಅದಕ್ಕೆ ಈ ಪ್ರದೇಶದಲ್ಲೇ ಒಳ್ಳೆಯ ಎಚ್ಚರಿಕೆಯೂ ಇದೆ. ಕಂಪಿಲಿಯ ಕಂಪಿಲರಾಯ 1327ರಲ್ಲಿ ದೆಹಲಿಯ ಸೈನ್ಯದೆದುರು ಅಳಿದ. ಕಂಪ್ಲಿ ಮತ್ತು ಸಂಡೂರಿನ ರಾಮಗಡದ ಸುತ್ತ ಇಂದಿಗೂ ನೆನೆಯುವ ಅವನ ಮಗ ಕುಮಾರರಾಮನ ಬಗ್ಗೆ ನಂಜುಂಡ ಕವಿಯೂ ಇತರರೂ ಕನ್ನಡದಲ್ಲಿ ಕಾವ್ಯ ಬರೆದರು. ಅವುಗಳಲ್ಲಿ ಬರುವ ಚಿಕ್ಕರಾಣಿ ರತ್ನಾಜಿ ಮಲಮಗನನ್ನು ಮೋಹಿಸಿ ಕೇಡಿಗೆ ಕಾರಣಳಾದವಳು. ಈ ಕಾವ್ಯಗಳು ಘಟನೆಗಿಂತ ಶತಮಾನಗಳಷ್ಟು ಈಚೆಗೆ ಹುಟ್ಟಿದವು; ಮಲತಾಯಿಯ ಮೋಹ ಅನೇಕ ನಾಡುಗಳ ಕಥೆಗಳಲ್ಲಿ ಬರುವ ಆಶಯ. ಆದ್ದರಿಂದ ರತ್ನಾಜಿಯನ್ನು ಐತಿಹಾಸಿಕ ರಾಣಿಯಾಗಿ ಸ್ಥಾಪಿಸಲು ಅವು ಸಾಲವು. ವರದಾಂಬಿಕೆಯ ಸ್ಥಿತಿ ಬೇರೆ. ಇಲ್ಲಿ ಕಾವ್ಯ ಸಮಕಾಲೀನವಾದದ್ದು. ಪಟ್ಟಮಹಿಷಿಯ ಸ್ಥಾನ, ಸಲಗ ಮನೆತನ, ವೆಂಕಟಾದ್ರಿಯ ಯೌವರಾಜ್ಯ ಈ ಮೂರೂ ವಿಷಯಗಳನ್ನು ರಾಜನಾಥನ ಕಾವ್ಯವೂ ಶಾಸನಗಳೂ ಬೇರೆ ಬೇರೆಯಾಗಿ ಸಮರ್ಥಿಸುತ್ತವೆ. ಅವಳ ಚೆಲುವು, ಅರಸನ ವಿರಹ ಇವುಗಳಿಗೆ ಕಾವ್ಯವನ್ನು ನಂಬಬೇಕಾಗಿಲ್ಲ. ಸ್ಥಾನಮಾನದ ವಿಷಯದಲ್ಲಿ ನಂಬಬಹುದು. ಆಸ್ಥಾನದಲ್ಲಿ ಎಲ್ಲರಿಗೂ ಗೊತ್ತಿದ್ದ ಸ್ಥಾನವನ್ನು ತಪ್ಪಾಗಿ ಬರೆಯುವ ಸ್ವಾತಂತ್ರ್ಯ ಯಾವ ಆಸ್ಥಾನಕವಿಗೂ ಇರಲಿಲ್ಲ.

1542: ಮೈದುನ ಮತ್ತು ಅಳಿಯ

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ವರದಾಂಬಿಕೆಗೆ ಬಂದ ಗೌರವವೆಲ್ಲ ಸೋದರರ ತೋಳ್ಬಲದಿಂದ ಬಂದದ್ದು, ಅವಳ ಬಿರುದುಗಳು ಅವರ ಅಧಿಕಾರದ ನೆರಳು ಎಂದು ವಾದಿಸಬಹುದು. ಅಚ್ಯುತರಾಯ ಇಬ್ಬರು ಮೈದುನರ ಕೈಗೊಂಬೆಯಾಗಿದ್ದನೆಂದು ನ್ಯೂನಿಜ್ ಕಟುವಾಗಿ ಬರೆದಿದ್ದಾನೆ. ಅವನ ಮಾತಿನಲ್ಲಿ ವಿರೋಧಿ ಬಣದ ದನಿ ಕೇಳಿಸುತ್ತದಾದರೂ ಸಲಗರ ಪ್ರಾಬಲ್ಯವನ್ನು ಯಾರೂ ಅಲ್ಲಗಳೆದಿಲ್ಲ. ಆದರೆ ಸಂಬಂಧದ ದಿಕ್ಕನ್ನು ನೋಡಬೇಕು. ಸಲಗರು ನಾಡಿನ ಅನೇಕ ನಾಯಕ ಮನೆತನಗಳಲ್ಲಿ ಒಂದು. ಉಳಿದ ನಾಯಕರಿಗಿಂತ ಅವರನ್ನು ಮೇಲಕ್ಕೇರಿಸಿದ್ದು ಪಟ್ಟದ ರಾಣಿಯ ಒಡಹುಟ್ಟಿದವರೆಂಬ ಸ್ಥಾನ. ಸೋದರರ ಬಲದಿಂದ ಸೋದರಿ ಪಟ್ಟದಲ್ಲಿ ಉಳಿದಳು ಎಂಬುದು ಎಷ್ಟು ನಿಜವೋ, ಸೋದರಿ ಪಟ್ಟದಲ್ಲಿದ್ದುದರಿಂದ ಸೋದರರಿಗೆ ಬಲ ಬಂತು ಎಂಬುದೂ ಅಷ್ಟೇ ನಿಜ. ಸೋದರಿಯ ಹಿತವೂ ಅಣ್ಣತಮ್ಮಂದಿರ ಹಿತವೂ ಒಂದೇ ಆಗಿರಲಿಲ್ಲ ಎಂಬುದಕ್ಕೆ ಅಚ್ಯುತರಾಯನ ಸಾವಿನ ನಂತರದ ಘಟನೆಗಳೇ ಸಾಕ್ಷಿ.

1542ರಲ್ಲಿ ಅಚ್ಯುತರಾಯ ತೀರಿಕೊಂಡಾಗ ಯುವರಾಜ ಚಿಕ್ಕ ವೆಂಕಟಾದ್ರಿಯನ್ನು ಸಿಂಹಾಸನಕ್ಕೆ ಏರಿಸಲಾಯಿತು. ಇತಿಹಾಸಕಾರರು ಅವನನ್ನು ಒಂದನೆಯ ವೆಂಕಟನೆಂದು ಎಣಿಸುತ್ತಾರೆ. ಬಾಲಕ ಅರಸನ ಹೆಸರಿನಲ್ಲಿ ಆಡಳಿತವನ್ನು ಸೋದರಮಾವ ಚಿನ್ನ ತಿರುಮಲರಾಜ ಕೈಗೆ ತೆಗೆದುಕೊಂಡ. ಮಗನ ಪ್ರಾಣಕ್ಕೆ ತಮ್ಮನಿಂದಲೇ ಅಪಾಯವಿದೆಯೆಂದು ಅರಿತ ವರದಾಂಬಿಕೆ ಬಿಜಾಪುರದ ಇಬ್ರಾಹಿಂ ಆದಿಲ್ ಷಾನ ನೆರವು ಕೋರಿದಳೆಂದು ಪೋರ್ಚುಗೀಸ್ ಚರಿತ್ರಕಾರ ಗ್ಯಾಸ್ಪರ್ ಕೊರಿಯಾನ ಬರಹದಿಂದ ತಿಳಿಯುತ್ತದೆ. ಆದಿಲ್ ಷಾ ದಂಡು ಹೊರಡಿಸಿದ. ತಿರುಮಲರಾಜ ಹೇರಳ ಹಣ ಕೊಟ್ಟು ಅವನನ್ನು ಹಿಂದಕ್ಕೆ ಕಳುಹಿಸಿದ. ಬಳಿಕ ತಿರುಮಲರಾಜ ಅಕ್ಕನ ಮಗನನ್ನೂ ರಾಜವಂಶದ ಇತರರನ್ನೂ ಕೊಲ್ಲಿಸಿ ತಾನೇ ಸಿಂಹಾಸನವೇರಿದ. ತನ್ನ ತವರಿನವರ ವಿರುದ್ಧ ಹೊರರಾಜ್ಯದ ಸುಲ್ತಾನನನ್ನು ಕರೆಯುವ ನಿರ್ಧಾರ ಅವಳದೇ. ಅವಳ ಸ್ಥಾನವು ಸೋದರರ ನೆರಳು ಮಾತ್ರವಾಗಿದ್ದರೆ ಇಂಥ ನಿರ್ಧಾರಕ್ಕೆ ಎಡೆಯೇ ಇರುತ್ತಿರಲಿಲ್ಲ. ಅದೇ ಸಮಯದಲ್ಲಿ ಬಿರುದಿನ ಮಿತಿಯೂ ಇಲ್ಲಿ ಕಣ್ಣಿಗೆ ಹೊಡೆಯುತ್ತದೆ. ಪಟ್ಟಮಹಿಷಿ ಎಂಬ ಪದವಿ ಹೆಸರು, ಪಟ್ಟಣ, ದಾನದ ಹಕ್ಕು, ಮಗನಿಗೆ ಉತ್ತರಾಧಿಕಾರ ಇವನ್ನು ಕೊಟ್ಟಿತ್ತು; ಸೈನ್ಯವನ್ನು ಕೊಟ್ಟಿರಲಿಲ್ಲ. ಕೋಟೆಗಳೂ ದಂಡೂ ಗಂಡಸರ ಕೈಯಲ್ಲಿದ್ದವು. ಮಗನನ್ನು ಉಳಿಸಿಕೊಳ್ಳಲು ಆ ತಾಯಿಗೆ ಶತ್ರುವಿನ ಬಾಗಿಲು ತಟ್ಟದೆ ಬೇರೆ ದಾರಿಯಿರಲಿಲ್ಲ.

ಚಿನ್ನ ತಿರುಮಲರಾಜನನ್ನು ಕೆಳಗಿಳಿಸಿದವನು ಅಳಿಯ ರಾಮರಾಯ. ಗುತ್ತಿಯ ಕೋಟೆಯಲ್ಲಿ ಬಂಧಿಯಾಗಿದ್ದ, ಅಚ್ಯುತರಾಯನ ಸೋದರ ರಂಗನ ಮಗ ಸದಾಶಿವನನ್ನು ಬಿಡಿಸಿ ಅರಸನೆಂದು ಸಾರಿ, ಅವನ ಹೆಸರಿನಲ್ಲಿ ರಾಮರಾಯ ಯುದ್ಧ ನಡೆಸಿದ. ತಿರುಮಲರಾಜ ಆ ಯುದ್ಧದಲ್ಲಿ ಹತನಾದ. ರಾಮರಾಯನಿಗೆ ಇಂಥ ಅಧಿಕಾರ ಎಲ್ಲಿಂದ ಬಂತು ಎಂಬುದಕ್ಕೆ ಅವನ ಹೆಸರಿನ ಮೊದಲ ಪದವೇ ಉತ್ತರ: ಅವನು ಕೃಷ್ಣದೇವರಾಯನ ಮಗಳು ತಿರುಮಲಾಂಬೆಯ ಗಂಡ. ಈ ತಿರುಮಲಾಂಬೆ ಕವಯಿತ್ರಿ ತಿರುಮಲಾಂಬೆಯಲ್ಲ. ಹೆಸರೊಂದೇ, ವ್ಯಕ್ತಿಗಳು ಬೇರೆ. ರಾಜಕುಮಾರಿ ಗಂಡನಿಗೆ ತಂದುಕೊಟ್ಟ ನಂಟು ಅವನ ಜೀವನವಿಡೀ ಬಿರುದಾಗಿ ಅಂಟಿಕೊಂಡಿತು. 1565ರಲ್ಲಿ ರಕ್ಕಸಗಿ ತಂಗಡಗಿಯ ಯುದ್ಧದಲ್ಲಿ ಮಡಿದ ಮೇಲೂ ಇತಿಹಾಸ ಅವನನ್ನು ಅಳಿಯ ರಾಮರಾಯನೆಂದೇ ಕರೆಯುತ್ತದೆ. 1542ರ ಕಾದಾಟವನ್ನು ಹೀಗೆ ನೋಡಿದಾಗ ಎರಡು ಕಡೆಯ ಮುಖಂಡರೂ ರಾಜವಂಶದ ಹೆಣ್ಣೊಬ್ಬಳ ಮೂಲಕ ಸಿಂಹಾಸನದ ಹತ್ತಿರ ಬಂದವರೆಂಬುದು ಗೊತ್ತಾಗುತ್ತದೆ. ಒಬ್ಬ ಹಿಂದಿನ ಅರಸನ ಪಟ್ಟಮಹಿಷಿಯ ತಮ್ಮ, ಇನ್ನೊಬ್ಬ ಅದಕ್ಕೂ ಹಿಂದಿನ ಅರಸನ ಮಗಳ ಗಂಡ. ಮೈದುನ, ಅಳಿಯ ಎಂಬ ಮನೆಮಾತಿನ ಪದಗಳು ಇಲ್ಲಿ ಅಧಿಕಾರದ ದರ್ಜೆಗಳಾಗಿದ್ದವು. ಎರಡು ದರ್ಜೆಗಳೂ ಹುಟ್ಟಿದ್ದು ಹೆಣ್ಣಿನ ಸ್ಥಾನದಿಂದ.

ಇಂದಿನ ಸ್ಥಿತಿ

ವರದಾದೇವಿ ಅಮ್ಮನ ಪಟ್ಟಣವೆಂಬ ಹೆಸರು ಇಂ​ದು ಜನಬಳಕೆಯಲ್ಲಿಲ್ಲ. ಆ ಜಾಗವನ್ನು ಕಮಲಾಪುರದ ಪಟ್ಟಾಭಿರಾಮ ಗುಡಿಯಿಂದಲೇ ಗುರುತಿಸುತ್ತಾರೆ. ತಿರುಮಲದೇವಿ ಪಟ್ಟಣವೂ ಹಾಗೆಯೇ ಹೊಸಪೇಟೆ ಎಂಬ ಹೆಸರಿನೊಳಗೆ ಸೇರಿಹೋಗಿದೆ. ಹಂಪಿಯ ಸ್ಮಾರಕ ಸಮೂಹ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪಟ್ಟಾಭಿರಾಮ ದೇವಾಲಯ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿದೆ. ವಿರೂಪಾಕ್ಷ, ವಿಠ್ಠಲ ದೇವಾಲಯಗಳಿಗೆ ಬರುವಷ್ಟು ಜನ ಇಲ್ಲಿಗೆ ಬರುವುದಿಲ್ಲ. 2021ರಲ್ಲಿ ಬಳ್ಳಾರಿ ಜಿಲ್ಲೆಯನ್ನು ವಿಭಜಿಸಿ ಹೊಸಪೇಟೆಯನ್ನು ಕೇಂದ್ರವಾಗಿಸಿ ವಿಜಯನಗರ ಜಿಲ್ಲೆಯನ್ನು ರಚಿಸಲಾಯಿತು, ಕಂಪ್ಲಿ ಮತ್ತು ಸಂಡೂರು ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಈ ಭಾಗದ ಶಾಸನಗಳನ್ನು ಸಂಪುಟಗಳಾಗಿ ಪ್ರಕಟಿಸಿರುವುದರಿಂದ ಪುರಗಳ ಹಳೆಯ ಹೆಸರುಗಳನ್ನು ಕನ್ನಡದಲ್ಲೇ ಓದಿ ಪರಿಶೀಲಿಸುವ ಅನುಕೂಲ ಒದಗಿದೆ. ಪ್ರವಾಸಿ ಫಲಕಗಳಲ್ಲಿ ಪಟ್ಟಾಭಿರಾಮ ದೇವಾಲಯದ ಹೆಸರಿನ ಕೆಳಗೆ ಅದು ನಿಂತಿರುವ ಪಟ್ಟಣದ ಶಾಸನೋಕ್ತ ಹೆಸರನ್ನೂ, ತಿರುವೆಂಗಳನಾಥ ದೇವಾಲಯದ ಫಲಕದಲ್ಲಿ ಅದನ್ನು ಕಟ್ಟಿಸಿದ ಹಿರಿಯ ತಿರುಮಲರಾಜನ ಹೆಸರನ್ನೂ ಎದ್ದುಕಾಣುವಂತೆ ಬರೆದರೆ ತುಳುವ ಮತ್ತು ಸಲಗ ಮನೆತನಗಳ ಈ ಅಧ್ಯಾಯವನ್ನು ನೋಡಬಂದವರು ಸ್ಥಳದಲ್ಲೇ ತಿಳಿದುಕೊಳ್ಳಬಹುದು.